ಮೂರು ಸೀಟಿ, ಮೂರು ನಾಮ

17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು ಹತ್ತಿ ಚಾಮುಂಡಿ ತಾಯಿಯ ಸನ್ನಿಧಿಗೆ ಬಂದಿದ್ದೀರಿ. ಒಂದೇ ಉಸಿರಿಗೆ ಹತ್ತಿದಿರಾ? ಇಲ್ಲ. ನಂದಿಯ ಹತ್ತಿರ ಕೂತು, ನೀರು ಕುಡಿದು ಮತ್ತೆ ಎದ್ದಿರಿ. (ಬಸ್ಸಿನಲ್ಲಿ ಬಂದವರೂ ಕೇಳಿ.)

ಲಲಿತಾ ಸಹಸ್ರನಾಮ ಕಲೀಬೇಕು ಅನ್ನೋ ಆಸೆ ಬಹಳ ಜನಕ್ಕಿದೆ. "ಪುರುಸೊತ್ತಿಲ್ಲ, ಮಕ್ಕಳ ಮದುವೆ ಮುಗೀಲಿ" ಅಂತಾರೆ. ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿ, ನೆನಪೂ ಕೈಕೊಟ್ಟಿರುತ್ತದೆ. ನಮ್ಮಜ್ಜಿಗೆ ಆದದ್ದು ಅದೇ.

ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಮೂರು ನಾಮ ಕಲಿಯಿರಿ. 334ನೇ ದಿನಕ್ಕೆ ಸಾವಿರವೂ ಬಾಯಿಗೆ ಬಂದು, ವರ್ಷದಲ್ಲಿ ಇನ್ನೂ 31 ದಿನ ಮಿಗುತ್ತದೆ. ಜ್ವರ, ನೆಂಟರು, ಊರ ಜಾತ್ರೆ, ಇವಕ್ಕೆಲ್ಲ ಆ ದಿನಗಳು. ತಪ್ಪಿದ್ದಕ್ಕೆ ಮರುದಿನ ಆರು ಕಲಿಯಲು ಹೋಗಬೇಡಿ, ಬೇಸರ ಬಂದು ಬಿಟ್ಟೇಬಿಡ್ತೀರಿ. ಮೂರೇ ಇರಲಿ.

ಮೊದಲ ನಾಮ 'ಶ್ರೀಮಾತಾ'. ಮೆಟ್ಟಿಲು ಇಳೀತಾನೇ ಶುರು ಮಾಡಿ.