ಗಾಲಿಯ ಬೀಗಕ್ಕೆ ಗಾಳಿ ಎಲ್ಲಿಂದ?

ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಂಟು ಎರಡೂ ಗಾಲಿಗಳಿಗೆ ಸ್ವಾತಂತ್ರ್ಯ ಕೊಡುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಹಾಗಾಗಿ ತಿರುಗಿಸುವ ಬಲವನ್ನು ಎರಡಕ್ಕೂ ಸಮನಾಗಿ ಹಂಚಿ, ವೇಗವನ್ನು ಅವುಗಳ ಪಾಡಿಗೆ ಬಿಡಲಾಗುತ್ತದೆ. ಡಾಂಬರು ರಸ್ತೆಯಲ್ಲಿ ಈ ಔದಾರ್ಯ ಸರಿಯೇ. ಆದರೆ ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯ ಎರೆ ಹೊಲದಿಂದ ಕಬ್ಬಿನ ಟ್ರೇಲರ್ ಎಳೆದು ತರುವ ಟ್ರ್ಯಾಕ್ಟರಿನ ಒಂದು ಗಾಲಿ ರಾಡಿಗೆ ಬಿತ್ತೆನ್ನಿ. ಹಿಡಿತವಿಲ್ಲದ ಆ ಗಾಲಿ ಗಿರ್ರನೆ ಸುತ್ತತೊಡಗುತ್ತದೆ, ಗಟ್ಟಿ ನೆಲದ ಮೇಲಿರುವುದು ಕದಲದೆ ನಿಲ್ಲುತ್ತದೆ. ಜಾರುವ ಗಾಲಿ ಎಷ್ಟು ತಡೆದುಕೊಳ್ಳುತ್ತದೋ ಅಷ್ಟೇ ಬಲ ಇನ್ನೊಂದಕ್ಕೂ ಸಲ್ಲುವುದು. ಸಮಪಾಲಿನ ಫಲ ಇಲ್ಲಿ ಇಬ್ಬರ ಸೋಲು. ಚಾಲಕ ಆಗ ಗಾಲಿಯ ಸುತ್ತು ನಿಲ್ಲಿಸಿ ಹಿಮ್ಮಡಿಯಿಂದ ಒಂದು ಪೆಡಲ್ ಒತ್ತುತ್ತಾನೆ, ಅದೇ ಗಾಲಿಯ ಬೀಗ. ಎರಡು ಕಡೆಯ ಅಚ್ಚುಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ, ಟ್ರೇಲರ್ ಮೇಲೆದ್ದು ಬರುತ್ತದೆ. ದಾರಿ ಸಿಕ್ಕೊಡನೆ ಕಾಲು ತೆಗೆಯಬೇಕು. ತೆಗೆಯದಿದ್ದರೆ ಟ್ರ್ಯಾಕ್ಟರ್ ತಿರುಗಲು ಒಪ್ಪುವುದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಈ ಸೀಮೆ ಕಬ್ಬಿನದಷ್ಟೇ ಅಲ್ಲ, ಬಸದಿಗಳದ್ದೂ ಹೌದು. ಹೊಲದ ಒಡೆಯರಲ್ಲಿ ಎಷ್ಟೋ ಜನ ಜೈನ ಶ್ರಾವಕರು, ಅಂದರೆ ಗೃಹಸ್ಥರು. ಅವರ ಧರ್ಮ ಬಹಳ ಹಿಂದೆಯೇ ಎದುರಿಸಿದ ಪ್ರಶ್ನೆಯೊಂದು ಈ ಪೆಡಲಿನಲ್ಲಿ ಕೂತಿದೆ: ಬೇಕಾದಾಗ ಹಿಡಿದು, ಹೊತ್ತಾದ ಮೇಲೆ ಬಿಡುವ ಕಟ್ಟುಪಾಡು ನಿಜವಾದ ವ್ರತವೇ? ಬಿಡಲು ಬರುವುದಿದ್ದರೆ ಅದು ಬರೀ ಅನುಕೂಲವಲ್ಲವೇ? ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇದಕ್ಕೆ ನೇರ ಉತ್ತರ ಕೊಡುತ್ತದೆ. ಭೋಗೋಪಭೋಗಗಳ ಮಿತಿಯನ್ನು ಅದು ಎರಡು ಬಗೆಯಾಗಿ ಹೇಳುತ್ತದೆ. ಕಾಲದ ಗಡಿ ಇಟ್ಟುಕೊಂಡದ್ದು ನಿಯಮ, ಜೀವವಿರುವ ತನಕದ್ದು ಯಮ, ಎರಡೂ ವಿಹಿತ. ಇನ್ನೂ ಮುಂದೆ ಹೋಗಿ, ಸಾಮಾಯಿಕಕ್ಕೆ, ಅಂದರೆ ಸಮಭಾವದ ಧ್ಯಾನಕ್ಕೆ, ಕೂತ ಗೃಹಸ್ಥನಲ್ಲಿ ಆ ಹೊತ್ತಿಗೆ ಆರಂಭವೂ (ಹಿಂಸೆ ತಗಲುವ ಕೆಲಸ) ಇಲ್ಲ, ಪರಿಗ್ರಹವೂ ಇಲ್ಲ, ಅವನು ಮೈಮೇಲೆ ಯಾರೋ ಬಟ್ಟೆ ಎಸೆದ ಮುನಿಯೇ ಸರಿ ಎನ್ನುತ್ತದೆ. ಸಾಮಾಯಿಕ ಎಂದರೆ ಕನಿಷ್ಠ ಎರಡು ಘಳಿಗೆ, 48 ನಿಮಿಷ. ಅಷ್ಟು ಹೊತ್ತಿನ ಮಟ್ಟಿಗೆ ಅವನು ಅರ್ಧ ಮುನಿಯಲ್ಲ, ಪೂರ್ಣ ಮುನಿ. ಗಾಲಿಯ ಬೀಗವೂ ಹೀಗೆಯೇ: ಕಚ್ಚಿದರೆ ಪೂರ್ತಿ, ಇಲ್ಲವೆಂದರೆ ಇಲ್ಲ. ಎಷ್ಟು ಹೊತ್ತು ಹಿಡಿದೆ ಎಂಬುದಕ್ಕಿಂತ ಹಿಡಿದಷ್ಟು ಹೊತ್ತು ಪೂರ್ತಿ ಹಿಡಿದೆಯಾ ಎಂಬುದೇ ಪರೀಕ್ಷೆ.

ಹಾಗಾದರೆ ಮಹಾವ್ರತಿಗಳು ಬೀಗವನ್ನು ಬೆಸುಗೆ ಹಾಕಿಬಿಟ್ಟವರಲ್ಲವೇ, ಹೆಚ್ಚಿನದು ಅದೇ ತಾನೆ ಎಂಬ ಆಕ್ಷೇಪ ಬರುತ್ತದೆ. ಹೆಚ್ಚಿನದು ನಿಜ, ಆದರೆ ಯಾರಿಗೆ? ಡಿಫರೆನ್ಷಿಯಲನ್ನು ಬೆಸೆದು ಶಾಶ್ವತವಾಗಿ ಕಚ್ಚಿಸಿದ ಗಾಡಿಗಳೂ ಇವೆ. ಅವು ಗಟ್ಟಿ ರಸ್ತೆಯ ಪ್ರತಿ ತಿರುವಿನಲ್ಲೂ ಟೈರು ಉಜ್ಜಿಕೊಂಡು ಅಚ್ಚಿನ ಮೇಲೆ ಒತ್ತಡ ಹೇರಿಕೊಳ್ಳುತ್ತವೆ. ದಿಗಂಬರ ಮುನಿ ವಾಹನವನ್ನೇ ಏರುವುದಿಲ್ಲ, ಬರಿಗಾಲಲ್ಲಿ ನಡೆಯುತ್ತಾರೆ. ತಿರುವುಗಳ ಸಂಸಾರವನ್ನು ಬಿಟ್ಟವರಿಗೆ ಬಿಡಲಾಗದ ಬೀಗ ಹೊಂದುತ್ತದೆ; ಮನೆ, ಹೊಲ, ಸಾಲ, ಮದುವೆ ಎಂದು ದಿನಕ್ಕೆ ಹತ್ತು ಕಡೆ ತಿರುಗಬೇಕಾದವನಿಗೆ ಅದು ಅಚ್ಚು ಮುರಿಯುವ ದಾರಿ. ಇದಕ್ಕೆ ಈ ನೆಲದ್ದೇ ಸಾಕ್ಷಿಯಿದೆ. ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು ಹುಟ್ಟಿದ್ದು 1872ರಲ್ಲಿ. ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಜೀವ ತುಂಬಿದವರು ಅವರು. ಅಂಥವರೂ ಒಂದೇ ನೆಗೆತಕ್ಕೆ ಮುನಿಯಾಗಲಿಲ್ಲ. ನಲವತ್ತು ದಾಟಿದ ಮೇಲೆ ಮುನಿತ್ವಕ್ಕೆ ಮುಂಚಿನ ಕ್ಷುಲ್ಲಕ ದೀಕ್ಷೆ, ಆಮೇಲೆ ಐಲಕ, 1920ರಲ್ಲಿ ಮುನಿದೀಕ್ಷೆ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ. ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳ, ಅಂದರೆ ಹಂತಗಳ, ಏಣಿಯನ್ನು ಶಾಸ್ತ್ರ ಇಟ್ಟಿರುವುದೂ ಇದೇ ತಿಳಿವಳಿಕೆಯಿಂದ. ಆ ಏಣಿಯಲ್ಲಿ ಸಾಮಾಯಿಕ ಮೂರನೆಯ ಮೆಟ್ಟಿಲು.

ಬೀಗಕ್ಕೆ ಬಲ ಎಲ್ಲಿಂದ ಎಂಬುದು ಮುಂದಿನ, ನನ್ನ ಮಟ್ಟಿಗೆ ಹೆಚ್ಚು ಕಠಿಣವಾದ ಪ್ರಶ್ನೆ. ಟ್ರ್ಯಾಕ್ಟರಿಗೆ ಹಿಮ್ಮಡಿ ಸಾಕು. ಬೆಟ್ಟಗುಡ್ಡ ಹತ್ತುವ ಜೀಪುಗಳಿಗೆ ಹಾಕುವ ಗಾಳಿಬೀಗಗಳು, ಉದಾಹರಣೆಗೆ ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯ ಏರ್ ಲಾಕರ್, ಸುಮಾರು 100 ಪಿಎಸ್‌ಐ ಒತ್ತಡದ ಗಾಳಿಯಿಂದ ಕಚ್ಚುತ್ತವೆ. ಗಾಳಿ ಹೋದರೆ ಒಳಗಿನ ಸ್ಪ್ರಿಂಗ್ ಬಿಡಿಸಿಬಿಡುತ್ತದೆ. ಗಾಳಿಯನ್ನು ಎಲ್ಲಿಂದ ತರಬೇಕು? ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಪುಟ್ಟ ಕಂಪ್ರೆಸರ್ ಒಂದು ದಾರಿ. ಕಾರ್ಬನ್ ಡೈಆಕ್ಸೈಡ್ ತುಂಬಿದ ಬಾಟಲಿ ಇನ್ನೊಂದು. ಬಾಟಲಿ ಆಕರ್ಷಕ: ಸದ್ದಿಲ್ಲ, ಕಾಯುವುದಿಲ್ಲ, ಒಳಗೆ 800 ಪಿಎಸ್‌ಐಗೂ ಮೀರಿದ ಒತ್ತಡ. ಆದರೆ ಅದಕ್ಕೊಂದು ಗುಣವಿದೆ. ಒಳಗೆ ದ್ರವ ಉಳಿದಿರುವ ತನಕ ಮಾಪಕದ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ದ್ರವ ತೀರಿದ ಕೂಡಲೇ ದಡಕ್ಕನೆ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಬಾಟಲಿಯನ್ನು ತೂಗಬೇಕೇ ಹೊರತು ಮುಳ್ಳು ನೋಡಿ ಫಲವಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಊರಿಗೆ ಮುನಿಸಂಘ ಬಂದು ಚಾತುರ್ಮಾಸಕ್ಕೆ ನಿಂತಾಗ, ಹುಟ್ಟುವ ಹುಮ್ಮಸ್ಸು ಈ ಜಾತಿಯದು. ಪ್ರವಚನ, ಮೆರವಣಿಗೆ, ಜನಸಂದಣಿಯ ನಡುವೆ ಹಿಡಿದ ವ್ರತಕ್ಕೆ ಒತ್ತಡ ಧಾರಾಳ. ಸಂಘ ವಿಹಾರ ಹೊರಟ ವಾರದಲ್ಲಿ ಮುಳ್ಳು ಬೀಳುತ್ತದೆ. ಪುಟ್ಟ ಕಂಪ್ರೆಸರಿಗೆ ಈ ವೈಭವವಿಲ್ಲ. ಅದು ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ನಡುನಡುವೆ ವಿಶ್ರಾಂತಿ ಕೇಳುತ್ತದೆ. ಆದರೆ ಬೀಗಕ್ಕೆ ಬೇಕಾದ ಗಾಳಿಯ ಪ್ರಮಾಣವೇ ಅತ್ಯಲ್ಪ. ದೊಡ್ಡ ಯಂತ್ರವನ್ನು ಜನ ಕೊಳ್ಳುವುದು ಟೈರಿಗೂ ಅದರಿಂದಲೇ ಗಾಳಿ ತುಂಬುವ ಆಸೆಗೆ. ದಿನದ ಚಿಕ್ಕ ಅಭ್ಯಾಸ, ರಾತ್ರಿಭೋಜನ ತ್ಯಾಗ, ಒಂದು ಸಾಮಾಯಿಕ, ತನ್ನ ಮನೆಯ ಬ್ಯಾಟರಿಯಿಂದಲೇ ನಡೆಯುವಂಥದ್ದು. ವ್ರತಕ್ಕೆ ಗಾಳಿ ಇಲ್ಲಿಂದ ಬರಲಿ ಎಂಬುದು ನನ್ನ ವಾದ.

ಹೀಗೆ ಹೇಳಿದರೆ ಪಕ್ಕದ ಅಥಣಿಯಿಂದಲೇ ಒಂದು ತಕರಾರು ಏಳಬೇಕು. ಅಲ್ಲಿಯ ಗಚ್ಚಿನಮಠ 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಸ್ಥಾನ. ಲಿಂಗಾಯತ ದೃಷ್ಟಿಯಲ್ಲಿ ಶಕ್ತಿ ಸಾಧಕನ ಸ್ವಂತದ್ದಲ್ಲ, ಗುರುಕರುಣೆಯಿಂದ ಬಂದದ್ದು; ಇಷ್ಟಲಿಂಗ ಮೈಮೇಲೆ ಸದಾ ಇರುವುದರಿಂದ ಹೊತ್ತುಗೊತ್ತಿನ ನಿಯಮಕ್ಕೆ ಅಲ್ಲಿ ಎರಡನೆಯ ಸ್ಥಾನ. ಈ ತಕರಾರು ಗಟ್ಟಿಯಾದದ್ದು, ಪೂರ್ತಿ ಉತ್ತರ ನನ್ನಲ್ಲಿದೆ ಎಂದು ನಟಿಸಲಾರೆ. ಆದರೂ ಒಂದು ಮಾತು: ಗುರು ಕೊಟ್ಟ ಲಿಂಗಕ್ಕೆ ದಿನದಿನದ ಪೂಜೆ ಶಿಷ್ಯನ ಅಂಗೈಯಲ್ಲೇ ನಡೆಯಬೇಕು. ಕೊಟ್ಟವರು ಬೇರೆ, ನಡೆಸುವವನು ತಾನು. ಮೂಲ ಹೊರಗಿನದೋ ಒಳಗಿನದೋ ಎಂಬಲ್ಲಿ ಜೈನರೂ ಲಿಂಗಾಯತರೂ ಬೇರೆಯಾದಾರು. ಪೂರೈಕೆ ಗಾಡಿಯಲ್ಲೇ ಇರಬೇಕು ಎಂಬಲ್ಲಿ ಬೇರೆಯಾಗಲಾರರು.

ಯಂತ್ರಕ್ಕೆ ಮನಸ್ಸಿಲ್ಲ, ವ್ರತವೆಂದರೆ ಮನಸ್ಸೇ, ಹೋಲಿಕೆ ಇಲ್ಲಿಗೆ ಮುರಿಯಿತು ಎಂದು ಇನ್ನೊಬ್ಬರು ಹೇಳಬಹುದು. ಮುರಿಯುವ ಜಾಗ ಯಾವುದೆಂದು ನೋಡುವುದೂ ಉಪಯುಕ್ತ. ಬೀಗ ಕಚ್ಚಿದ ಮೇಲೆ ಕಂಪ್ರೆಸರ್ ಪದೇ ಪದೇ ತಾನಾಗಿ ಚಾಲೂ ಆಗುತ್ತಿದ್ದರೆ ಅದು ಉತ್ಸಾಹವಲ್ಲ, ಎಲ್ಲೋ ಕೊಳವೆ ಸೋರುತ್ತಿದೆ ಎಂದು ಅರ್ಥ. ಜೈನ ಶಾಸ್ತ್ರಕಾರರು ಇಂಥ ಸೋರಿಕೆಗಳಿಗೆ ಅತಿಚಾರ ಎಂದು ಹೆಸರಿಟ್ಟು ಪ್ರತಿ ವ್ರತಕ್ಕೂ ಐದೈದು ಪಟ್ಟಿ ಮಾಡಿದರು. ಸಾಮಾಯಿಕದವು: ಮನಸ್ಸು, ಮಾತು, ಮೈ ದಾರಿ ತಪ್ಪುವುದು, ಅನಾದರ, ಮರೆವು. ಇವುಗಳಿಂದ ವ್ರತ ಮುರಿಯುವುದಿಲ್ಲ, ಸೋರುತ್ತದೆ. ಗಾಡಿಯ ಸೋರಿಕೆಯನ್ನು ಸೋಪಿನ ನೀರು ಹಚ್ಚಿ ಹೊರಗಿನವರು ಕಂಡುಹಿಡಿಯಬಹುದು. ಮನಸ್ಸಿನ ಸೋರಿಕೆಯನ್ನು ಪ್ರತಿಕ್ರಮಣಕ್ಕೆ, ಅಂದರೆ ತನ್ನ ತಪ್ಪುಗಳನ್ನು ನೆನೆದು ತಿದ್ದಿಕೊಳ್ಳಲು, ಕೂತ ತಾನೇ ಕಾಣಬೇಕು, ಯಂತ್ರಕ್ಕೆ ಅದು ಆಗದು. ಹೊತ್ತಿನ ವಿಷಯದಲ್ಲಿ ಮಾತ್ರ ಹೋಲಿಕೆ ಮತ್ತೆ ಕೂಡುತ್ತದೆ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಬರುವ ಬೀಗ ಗಾಲಿ ಜಾರಿದ ಮೇಲೆ ತಾನೇ ಕಚ್ಚುವಂಥದ್ದು. ಪೆಡಲಿನ ಬೀಗವನ್ನು ರಾಡಿಗೆ ಇಳಿಯುವ ಮುನ್ನವೇ ಹಾಕಬಹುದು, ಹಾಕಬೇಕು. ಗಾಲಿ ಜೋರಾಗಿ ಸುತ್ತುತ್ತಿರುವಾಗ ಒತ್ತಿದರೆ ಹಲ್ಲು ಮುರಿದೀತು. ಸಿಟ್ಟು ನೆತ್ತಿಗೇರಿದ ಮೇಲೆ ಮೌನವ್ರತ ಹಿಡಿಯುವವರ ಪಾಡೂ ಅದೇ. (ಮೋಜಿಗಾಗಿ ಕೆಸರು ಕಲಕುವ ಜೀಪ್ ಓಟ ನಿಷ್ಪ್ರಯೋಜಕ ಹಿಂಸೆಯನ್ನು ಬಿಡುವ ಅನರ್ಥದಂಡ ವ್ರತಕ್ಕೆ ವಿರುದ್ಧವಲ್ಲವೇ ಎಂದರೆ, ಹೌದು, ವಿರುದ್ಧವೇ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನದು ಉದ್ಯೋಗದ ಹಿಂಸೆ. ಶ್ರಾವಕನಿಗೆ ಅದರಲ್ಲಿ ರಿಯಾಯಿತಿ ಇದೆ, ಮೋಜಿನಲ್ಲಿ ಇಲ್ಲ.)

ಇನ್ನು ಗಾಳಿ ಯಾವುದಕ್ಕೆ ಮೊದಲು ಎಂಬ ಪ್ರಶ್ನೆ. ಲಾರಿ, ಟಿಪ್ಪರುಗಳಲ್ಲಿ ಬ್ರೇಕೂ ಗಾಳಿಯದೇ, ಬೀಗವೂ ಗಾಳಿಯದೇ, ಎರಡಕ್ಕೂ ಮೂಲ ಒಂದೇ ಕಂಪ್ರೆಸರ್. ಬೀಗದ ಕೊಳವೆ ಒಡೆದರೂ ಬ್ರೇಕಿನ ಗಾಳಿ ಸೋರಿಹೋಗದಂತೆ ನಡುವೆ ರಕ್ಷಣೆಯ ಕವಾಟ ಇರುತ್ತದೆ. ಅಮೃತಚಂದ್ರರ ‘ಪುರುಷಾರ್ಥಸಿದ್ಧ್ಯುಪಾಯ’ ವ್ರತಗಳ ನಡುವೆ ಇಂಥದ್ದೇ ಕ್ರಮ ಇಡುತ್ತದೆ. ಸುಳ್ಳು, ಕಳವು ಮೊದಲಾದವನ್ನು ಬೇರೆ ಬೇರೆಯಾಗಿ ಹೇಳಿರುವುದು ಶಿಷ್ಯರಿಗೆ ತಿಳಿಯಲೆಂದು ಮಾತ್ರ, ಮೂಲದಲ್ಲಿ ಎಲ್ಲವೂ ಹಿಂಸೆಯೇ ಎಂಬುದು ಅವರ ನಿಲುವು. ಅಂದರೆ ಅಹಿಂಸೆ ಬ್ರೇಕಿನ ಸಾಲು, ಉಳಿದ ನಿಯಮಗಳು ಆಮೇಲಿನವು. ಅಷ್ಟಮಿ, ಚತುರ್ದಶಿಯ ಉಪವಾಸ ಹಿಡಿದ ಹೊಲದೊಡೆಯ ಮಧ್ಯಾಹ್ನದ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗಿನ ಮೇಲೆ ಹರಿಹಾಯುತ್ತಿದ್ದರೆ, ಬೀಗಕ್ಕೆಂದು ಬ್ರೇಕಿನ ಗಾಳಿ ಖರ್ಚಾಗುತ್ತಿದೆ. ಅವನಿಗೆ ಉಪವಾಸ ಬಿಟ್ಟುಬಿಡು ಎನ್ನಬೇಕಾಗಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಎರಡಕ್ಕೂ ‘ಶಕ್ತಿಗೆ ತಕ್ಕಷ್ಟು’ ಎಂಬ ಷರತ್ತು ಇದೆ. ಅದರಂತೆ ಅವನು ಏಕಾಶನಕ್ಕೆ ಇಳಿದು, ಒಂದು ಹೊತ್ತು ಉಂಡು, ಗ್ಯಾಂಗಿನವರ ಕೂಲಿಯನ್ನು ಸಂಜೆಯೊಳಗೆ ಎಣಿಸಿ ಕೊಟ್ಟು ಸಾಮಾಯಿಕಕ್ಕೆ ಕೂತರೆ ಆ 48 ನಿಮಿಷ ಒತ್ತಡ ಇಳಿಯದೆ ನಿಲ್ಲುತ್ತದೆ. ಮುಂದಿನ ಚತುರ್ದಶಿಗೆ ಪೂರ್ಣ ಉಪವಾಸ ಹಿಡಿಯಬಹುದೇ ಎಂದು ಅವನೇ ಅಳೆದುಕೊಳ್ಳಲಿ.