ನಡುವೆ ನಿಂತವರ ಧರ್ಮ

ಮನೆಯ ಹಿರಿಯರಿಗೆ ಕ್ಯಾನ್ಸರ್ ಎಂದು ತಿಳಿದಾಗ, ಕೀಮೋಥೆರಪಿಯಿಂದ ಬರಬಹುದಾದ ತೊಂದರೆಗಳನ್ನು ಅವರಿಗೆ ಮೊದಲೇ ಹೇಳಬೇಕೆ, ಮರೆಮಾಚಬೇಕೆ? ಕೇಳಿದರೆ ಧೈರ್ಯಗೆಟ್ಟಾರೆಂಬ ಅಂಜಿಕೆಯಿಂದ ನಾವು ಹೆಚ್ಚಾಗಿ ಮರೆಮಾಚುತ್ತೇವೆ. ಅದನ್ನೇ ಕರುಣೆಯೆಂದೂ ಕರೆಯುತ್ತೇವೆ. ಈ ಕರುಣೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೊಂಚ ವಿಚಾರಿಸೋಣ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡಿಗರಾದ ನಮಗೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ದೇವಾಂಗ ನೇಕಾರರ ಕೇರಿಗಳಲ್ಲಿ, ಒಕ್ಕಲಿಗರ ಹಳ್ಳಿಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಕನ್ನಡ ಬಹುಮಟ್ಟಿಗೆ ಆಡುನುಡಿ. ಓದುಬರಹ ತಮಿಳಿನದು, ಔಷಧದ ಚೀಟಿ ಇಂಗ್ಲಿಷಿನದು. ವೈದ್ಯರ ಮಾತು ಎಷ್ಟೋ ಸಲ ಹಿರಿಯರನ್ನು ಮುಟ್ಟುವುದು ಮಗನ ಅಥವಾ ಸೊಸೆಯ ಬಾಯಿಂದ. ಹೀಗೆ ನಡುವೆ ನಿಂತವರು ಏನನ್ನು ದಾಟಿಸುತ್ತಾರೆ, ಏನನ್ನು ತಡೆಯುತ್ತಾರೆ ಎಂಬುದು ಧರ್ಮದ ಪ್ರಶ್ನೆ.

ಒಂದು ಮದ್ದನ್ನೇ ನೋಡೋಣ. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಅರಳುವ ಕಾಶಿಕಣಗಿಲೆಯನ್ನು ತಮಿಳಿನಲ್ಲಿ ನಿತ್ಯಕಲ್ಯಾಣಿ ಎನ್ನುತ್ತಾರೆ. ಮಡಗಾಸ್ಕರ್ ಮೂಲದ ಈ ಗಿಡದಿಂದ ದೊರೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧಕ್ಕೆ 1963ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ರಕ್ತದ ಕೆಲವು ಕ್ಯಾನ್ಸರುಗಳಿಗೆ ಇಂದಿಗೂ ಅದು ಬಳಕೆಯಲ್ಲಿದೆ. ಜೀವಕೋಶ ಒಡೆದು ಎರಡಾಗಲು ಬೇಕಾದ ಸೂಕ್ಷ್ಮನಾಳಗಳು ಕೂಡಿಕೊಳ್ಳದಂತೆ ಅದು ತಡೆಯುತ್ತದೆ. ಅಂಥವೇ ನಾಳಗಳು ನರಗಳಲ್ಲಿಯೂ ಇರುವುದರಿಂದ ಬೆರಳತುದಿ, ಅಂಗಾಲುಗಳು ಜೋಮು ಹಿಡಿಯುತ್ತವೆ. ಕರುಳಿನ ನರಗಳು ಮಂದವಾಗಿ ಮಲಬದ್ಧತೆ ಕಾಡುತ್ತದೆ.

ಈ ಜೋಮು ರಕ್ತಪರೀಕ್ಷೆಯಲ್ಲಿ ಕಾಣುವಂಥದಲ್ಲ. ಕಡಿದ ಹಾಸಿನ ಎಳೆಗೆ ಗಂಟು ಹಾಕಲಾರದ ನೇಕಾರನಿಗೆ, ಬನಿಯನ್ ಕಂಪೆನಿಯಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಅದು ಮೊದಲು ತಿಳಿಯುತ್ತದೆ. ಮದ್ದಿನಿಂದ ಬಂದುದೆಂದು ಅರಿಯದವರು ವಯಸ್ಸಿನ ಕುಂದೆಂದು ಸುಮ್ಮನಿರುತ್ತಾರೆ. ತಿಳಿದು ಹೇಳಿದರೆ ವೈದ್ಯರು ಪ್ರಮಾಣವನ್ನು ತಗ್ಗಿಸುವ ವಿಚಾರ ಮಾಡಬಲ್ಲರು. ವಾಂತಿಗೂ ಮುಂಚಿತವಾಗಿಯೇ ಕೊಡುವ ಮದ್ದುಗಳಿವೆ. ತೊಂದರೆ ಹೆಚ್ಚಾದಷ್ಟೂ ಔಷಧ ನಾಟಿದೆಯೆಂದು ಬಗೆದು ಹಲ್ಲುಕಚ್ಚಿ ಸಹಿಸಬೇಕಿಲ್ಲ.

ಜ್ವರದ ವಿಷಯವಂತೂ ಪ್ರಾಣದ ಪ್ರಶ್ನೆ. ಅನೇಕ ಕೀಮೋ ಮದ್ದುಗಳು ಬಿಳಿ ರಕ್ತಕಣಗಳನ್ನು ತಗ್ಗಿಸುತ್ತವೆ. ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಅವು ತೀರ ಕಡಿಮೆಯಾಗಿರುತ್ತವೆ. ಆಗ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನುಂಗಿ, ಕಷಾಯ ಕುಡಿದು ಬೆಳಗಿಗಾಗಿ ಕಾಯುವಂತಿಲ್ಲ. ಈ ಮಾತನ್ನು ಕೇಳದ ರೋಗಿ, ಮಕ್ಕಳ ನಿದ್ದೆ ಕೆಡಿಸಬಾರದೆಂದು ಹೊದ್ದು ಮಲಗಿಯಾನು. ನಮ್ಮ ಕರುಣೆಯೇ ಅಲ್ಲಿ ಅವನಿಗೆ ಮುಳುವಾಗುತ್ತದೆ.

ಚಿಕಿತ್ಸೆಯ ಉದ್ದೇಶ, ಪ್ರಯೋಜನ, ಮುಖ್ಯ ಅಪಾಯಗಳನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಎಲ್ಲವನ್ನೂ ತಿಳಿಯಲು ಒಲ್ಲದ ಹಿರಿಯರೂ ಇದ್ದಾರೆ. ರೋಗದ ಹಂತ, ಆಯುಸ್ಸಿನ ಲೆಕ್ಕ ಬೇಡವೆಂದರೆ ಆ ಮೌನವನ್ನು ಗೌರವಿಸೋಣ. ಎಷ್ಟು ತಿಳಿಯಬೇಕೆಂಬುದನ್ನು ನಿರ್ಧರಿಸುವವರು ಅವರೇ, ನಾವಲ್ಲ. ಜ್ವರ, ರಕ್ತಸ್ರಾವ, ಜೋಮು ಇವುಗಳ ಎಚ್ಚರಿಕೆಯನ್ನು ಮಾತ್ರ ಹೇಗಾದರೂ ತಲುಪಿಸಬೇಕು, ಏಕೆಂದರೆ ಆ ದೇಹದ ಸುದ್ದಿಯನ್ನು ಮೊದಲು ಅರಿಯಬಲ್ಲವರು ಅವರೊಬ್ಬರೇ.

ಜೋಮು, ಉರಿ, ಸಂಕಟ, ನಿತ್ರಾಣ: ನೋವಿಗೆ ನಮ್ಮ ಮನೆಮಾತಿನಲ್ಲಿ ಎಷ್ಟೊಂದು ಬಗೆಯ ಪದಗಳಿವೆ! ಹಿರಿಯರು ಅವನ್ನು ಆಡಿದಾಗ ನಿಂತು ಕೇಳಿ, ಹಾಗೆಯೇ ವೈದ್ಯರಿಗೆ ಒಪ್ಪಿಸುವುದೂ ನಡುವೆ ನಿಂತವರ ಧರ್ಮವೇ.