ನೋಡುತ್ತ ಕೂರುವ ಕೆಲಸ

'ಕಾಯುವುದು' ಎಂಬ ನಮ್ಮ ಮಾತಿಗೆ ಎರಡು ಅರ್ಥ. ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಒಂದರಲ್ಲಿ ಏನಾದರೂ ಬರಲಿ ಎಂದು ನಿಂತಿರುತ್ತೇವೆ, ಇನ್ನೊಂದರಲ್ಲಿ ಏನೂ ಬರದಿರಲಿ ಎಂದು. ದೂರದಿಂದ ನೋಡುವವರಿಗೆ ಎರಡೂ ಸುಮ್ಮನೆ ನಿಂತ ಹಾಗೆಯೇ. ಅದಕ್ಕೇ ಇರಬೇಕು, ಮನೆಯಲ್ಲಿ ಹೆಂಗಸರು ಮಾಡುವ ಕಾಯುವ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಜ್ವರದ ಮಗುವಿನ ಪಕ್ಕದಲ್ಲಿ ರಾತ್ರಿಯಿಡೀ ಎದ್ದಿದ್ದವಳನ್ನು ಕೇಳಿ ನೋಡಿ, "ಏನೂ ಮಾಡಲಿಲ್ಲ, ಸುಮ್ನೆ ಕೂತಿದ್ದೆ" ಅನ್ನುತ್ತಾಳೆ.

ಈ ಕೆಲಸಕ್ಕೂ ವಿಮಾನಕ್ಕೂ ಸಂಬಂಧವಿದೆಯೆಂದು ನನಗೆ ಗೊತ್ತಾದದ್ದು ನನ್ನ ತಂಗಿಯ ಮಗನಿಂದ. ಅವನು ಪೈಲಟ್. ದಸರೆಗೆ ಸರಸ್ವತೀಪುರದ ನಮ್ಮ ಮನೆಗೆ ಬಂದಿದ್ದಾಗ, "ಅಷ್ಟು ದೊಡ್ಡ ವಿಮಾನ ಓಡಿಸಿ ಕೈ ನೋಯಲ್ವೇನೋ?" ಅಂದೆ. ನಕ್ಕುಬಿಟ್ಟ. "ಮೇಲೆ ಹೋದ್ಮೇಲೆ ಓಡ್ಸೋದು ಕಂಪ್ಯೂಟರ್ರು ದೊಡ್ಡಮ್ಮ. ಅದು ಸರಿಯಾಗಿ ಓಡಿಸ್ತಿದೆಯಾ ಅಂತ ನಾವು ನೋಡ್ತಾ ಕೂತಿರ್ತೀವಿ. ಅದೇ ಕಷ್ಟ."

ಯಾಕೆ ಕಷ್ಟ ಎಂದು ಕೇಳಿದ್ದಕ್ಕೆ ಅವನು ಎತ್ತಿದ್ದು ಬೆಂಗಳೂರಿನ ಅಪಘಾತದ ಮಾತು. ನಮ್ಮಲ್ಲಿ ಅನೇಕರಿಗೆ ಅದು ನೆನಪಿದೆ. 1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಎಚ್‌.ಎ.ಎಲ್. ನಿಲ್ದಾಣದಲ್ಲಿ ಇಳಿಯಬೇಕಿತ್ತು. ಆಕಾಶ ತಿಳಿಯಾಗಿತ್ತು. ವಿಮಾನ ಏರ್‌ಬಸ್ ಎ-320, ಹೊಚ್ಚ ಹೊಸದು. ರನ್‌ವೇ ತಲುಪುವ ಮೊದಲೇ ಅದು ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಪುಟಿದು, ಒಡ್ಡಿಗೆ ಅಪ್ಪಳಿಸಿ ಹೊತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ಇಂಜಿನ್‌ಗಳು ಕೆಟ್ಟಿರಲಿಲ್ಲ. ಒಲೆಯನ್ನು ಸಿಮ್‌ನಲ್ಲಿಟ್ಟ ಹಾಗೆ ಅವು ಕನಿಷ್ಠ ಶಕ್ತಿಯಲ್ಲಿ ಓಡುತ್ತ, ವಿಮಾನ ಜಾರುತ್ತ ಇಳಿಯುವ ಒಂದು ಕ್ರಮವುಂಟು. ಮೇಲಿನಿಂದ ಇಳಿಯತೊಡಗುವಾಗ ಅದು ಸರಿ, ನೆಲದ ಹತ್ತಿರ ಅಪಾಯ. ಆ ದಿನ ಯಂತ್ರ ಆ ಕ್ರಮದಲ್ಲಿತ್ತು. ಇಳಿಯುವ ವೇಗದ ಗುಂಡಿಯನ್ನು ತಿರುಗಿಸುವ ಬದಲು ಪಕ್ಕದಲ್ಲಿದ್ದ ಎತ್ತರದ ಗುಂಡಿಯನ್ನು ತಿರುಗಿಸಿರಬಹುದು ಎಂಬುದು ವಿಚಾರಣೆಯ ಊಹೆ. 132 ನಾಟ್ ಇರಬೇಕಾದ ವೇಗ 106ಕ್ಕೆ ಇಳಿಯಿತು. ನಾನೂರು ಅಡಿ, ಮುನ್ನೂರು ಅಡಿ, ಇನ್ನೂರು ಅಡಿ ಎಂದು ಯಂತ್ರದ ದನಿ ಎಣಿಸುತ್ತಲೇ ಇತ್ತು. ವಿಮಾನ ಯಾವ ಕ್ರಮದಲ್ಲಿದೆ ಎಂಬುದು ಪೈಲಟ್‌ಗಳ ಬಾಯಲ್ಲೇ ಬಂದಿತ್ತು, ಧ್ವನಿಮುದ್ರಿಕೆಯಲ್ಲಿದೆ. ಆದರೂ ಇಂಜಿನ್ ಶಕ್ತಿ ಏರಿಸಲು ಕೈ ಮುಂದಾದದ್ದು ತೀರ ಕೊನೆಗೆ, ಕಾಲ ಮೀರಿದ ಮೇಲೆ.

ತಿಳಿದಿತ್ತು, ಅರಿವಾಗಲಿಲ್ಲ. ಹೀಗೆ ತಿಳಿದೂ ಅರಿಯದೆ ಹೋದದ್ದನ್ನು ಅಪರಾಧವೆನ್ನಬೇಕೆ? ವಿಚಾರಣೆ ಮುಖ್ಯ ಹೊಣೆಯನ್ನು ಪೈಲಟ್‌ಗಳ ಮೇಲೆ ಹೊರಿಸಿತು. ಅಷ್ಟು ಜೀವಗಳನ್ನು ನಂಬಿ ಒಪ್ಪಿಸಿದ ಮೇಲೆ ಹೊಣೆ ಅವರದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ "ಅಷ್ಟು ಸಂಬಳ ತಗೊಂಡು ಮೈಮೇಲೆ ಎಚ್ಚರ ಬೇಡವೇ" ಎಂದು ನಾವು ಸುಲಭವಾಗಿ ಅಂದುಬಿಡುತ್ತೇವಲ್ಲ, ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಎಚ್ಚರವೆನ್ನುವುದು ಬರೀ ಮನಸ್ಸಿನ ಗುಣವೆಂದು ತಿಳಿದವರು ಆಡುವ ಮಾತು ಅದು. ಚಪಾತಿ ಲಟ್ಟಿಸುವವಳಿಗೆ ತೂಕಡಿಕೆ ಬರುವುದಿಲ್ಲ, ಕೈ ಆಡುತ್ತಿರುತ್ತದೆ. ಕುಕ್ಕರ್ ಇಟ್ಟು ಕೂತವಳು ಎರಡು ಸಲ ಕೂಗಿತೋ ಮೂರು ಸಲವೋ ಎಂದು ಲೆಕ್ಕ ತಪ್ಪುತ್ತಾಳೆ. ಇಬ್ಬರೂ ಒಬ್ಬಳೇ ಹೆಂಗಸಾಗಿರಬಹುದು.

ಎ-320ರ ಇನ್ನೊಂದು ಸಂಗತಿ ಕೇಳಿ. ಅದಕ್ಕೆ ಮೊದಲಿನ ಅನೇಕ ವಿಮಾನಗಳಲ್ಲಿ ಕಂಪ್ಯೂಟರು ಇಂಜಿನ್ನಿನ ಶಕ್ತಿ ಏರಿಸಿ ಇಳಿಸಿದರೆ ಪೈಲಟ್ಟಿನ ಕೈಯಡಿಯ ಥ್ರಾಟಲ್ ಹಿಡಿಯೂ ತಾನಾಗಿ ಹಿಂದೆ ಮುಂದೆ ಸರಿಯುತ್ತಿತ್ತು. ಇದರಲ್ಲಿ ಹಿಡಿ ಇದ್ದಲ್ಲೇ ಇರುತ್ತದೆ, ಪರದೆಯ ಮೇಲೆ ಅಂಕಿ ಮಾತ್ರ ಬದಲಾಗುತ್ತದೆ. ಕೈಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮ್ಮ ಜಂಬೂಸವಾರಿಯ ಮಾವುತನನ್ನು ನೆನೆಸಿಕೊಳ್ಳಿ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಗೆ ಅರಮನೆಯಿಂದ ಬನ್ನಿಮಂಟಪದ ದಾರಿ ಅವನಷ್ಟೇ ಚೆನ್ನಾಗಿ ಗೊತ್ತು. ಸಯ್ಯಾಜಿರಾವ್ ರಸ್ತೆಯ ಮಹಡಿಗಳಿಂದ ನೋಡುವವರಿಗೆ ಅವನು ಸುಮ್ಮನೆ ಕೂತ ಹಾಗೆ ಕಾಣುತ್ತಾನೆ. ಆದರೆ ಅವನ ಕಾಲ್ಬೆರಳು ಆನೆಯ ಕಿವಿಯ ಹಿಂದೆ ಇರುತ್ತದೆ. ಪಟಾಕಿಗೋ ಗದ್ದಲಕ್ಕೋ ಆನೆಯ ಮೈ ಬಿಗಿದರೆ ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಅವನೂ ಕಾಯುತ್ತಾನೆ, ಆದರೆ ಅವನಿಗೂ ಆನೆಗೂ ಮಾತು ನಡೆಯುತ್ತಲೇ ಇರುತ್ತದೆ.

ಅಂದು ಮುಂದಿನ ಎರಡು ಸೀಟುಗಳಲ್ಲಿ ಕೂತಿದ್ದವರೂ ಸಾಮಾನ್ಯರಲ್ಲ. ಒಬ್ಬರು ವಿಮಾನ ಓಡಿಸುತ್ತಿದ್ದರೆ ಇನ್ನೊಬ್ಬ ಹಿರಿಯರು ಅವರ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು. ನಾಲ್ಕು ಕಣ್ಣಿದ್ದರೆ ಎಚ್ಚರ ಇಮ್ಮಡಿ ಅನ್ನುವುದು ಕಾಗದದ ಲೆಕ್ಕ. ಅತ್ತೆ ಸೊಸೆ ಇಬ್ಬರೂ ಅಡಿಗೆಮನೆಯಲ್ಲಿದ್ದಾಗಲೇ ಹಾಲು ಉಕ್ಕುವುದು!

ಹಾಗೆಂದು ಕಂಪ್ಯೂಟರನ್ನು ದೂರುವುದೂ ನ್ಯಾಯವಲ್ಲ. ಅದು ಬಂದ ಮೇಲೆ ವಿಮಾನಯಾನ ಹಿಂದೆಂದಿಗಿಂತ ಸುರಕ್ಷಿತವಾಗಿದೆ. ನನ್ನ ತಕರಾರು ಬೇರೆ. ಕೈಗೆ ಕೆಲಸವಿಲ್ಲದ ಕಡೆ ಕೈ ಕೆಲಸ ಮರೆಯುತ್ತದೆ, ಆ ಮರೆವಿನ ಪಾಲು ಯಾರದು? 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ ವಿಮಾನವೊಂದರ ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ನಡುರಾತ್ರಿ ಇದ್ದಕ್ಕಿದ್ದಂತೆ ಕೈಗೆ ಬಂದ ವಿಮಾನವನ್ನು ಪೈಲಟ್‌ಗಳು ಸಂಭಾಳಿಸಲಾರದೆ ಹೋದರು. 228 ಜನ ಸತ್ತರು. 2013ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಪೈಲಟ್‌ಗಳಿಗೆ ಆಗಾಗ ಕೈಯಿಂದಲೇ ವಿಮಾನ ಓಡಿಸುವ ಅವಕಾಶ ಕೊಡಿ ಎಂದು ಕಂಪನಿಗಳಿಗೆ ಸೂಚಿಸಿತು.

ಕಾಯುವ ಕೆಲಸಕ್ಕೆ ಒಬ್ಬನನ್ನು ಕೂರಿಸಿದವರಿಗೂ ಒಂದು ಹೊಣೆಯಿದೆ. ಅವನಿಗೆ ನಿದ್ದೆ ಬೇಕು, ಅಭ್ಯಾಸ ಬೇಕು, ಕೈಗೆ ಸುದ್ದಿ ಮುಟ್ಟಿಸುವ ಯಂತ್ರ ಬೇಕು. ದಾರಿ ಗೊತ್ತಿರುವ ಆನೆಗೂ ಪ್ರತಿ ವರ್ಷ ದಸರೆಗೆ ಮುಂಚೆ ಮರಳಿನ ಮೂಟೆ ಹೊರಿಸಿ, ದಿನಾ ಅದೇ ದಾರಿಯಲ್ಲಿ ನಡೆಸುತ್ತಾರೆ. ಅದಕ್ಕೆ ಖರ್ಚು ಯಾಕೆ ಎಂದು ಮೈಸೂರಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಪೈಲಟ್‌ಗಳ ಅಭ್ಯಾಸದ ಖರ್ಚನ್ನು ಟಿಕೆಟ್ಟಿಗೆ ಸೇರಿಸಿದರೆ ನಾನಂತೂ ಗೊಣಗದೆ ಕೊಡುತ್ತೇನೆ.